ಹಿಮದ ಹದ

ನಮ್ಮ ಬಯಲುಸೀಮೆಯ ಒಕ್ಕಲಿಗನು ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಹೊಲಕ್ಕೆ ಹೋದರೆ ಬದುವಿನ ಮೇಲೆ ನಿಂತು ನೋಡಿ ಹಿಂದಿರುಗುವುದಿಲ್ಲ. ಒಳಕ್ಕಿಳಿದು, ನೇಗಿಲು ಮುಟ್ಟುವಷ್ಟು ಆಳಕ್ಕೆ ಬೆರಳಿನಿಂದ ಕೆದಕಿ, ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಅಮುಕಿ, ಅದು ಉಂಡೆ ಕಟ್ಟುವುದೋ ಉದುರುವುದೋ ಎಂಬುದನ್ನು ಕಂಡ ಬಳಿಕವೇ ಹದವಾಗಿದೆ ಎಂದೋ, ಇನ್ನೆರಡು ದಿನ ತಡೆಯಬೇಕೆಂದೋ ಹೇಳುತ್ತಾನೆ. ಹದವೆಂಬ ಈ ಎರಡಕ್ಷರದ ಮಾತಿನೊಳಗೆ ತೇವವೂ ಕಾವೂ ಕಾಲವೂ ಒಟ್ಟಿಗೆ ಅಡಗಿವೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನು ಪಾಕದ ವಿಷಯದಲ್ಲಿ ಆಡುವುದೂ, ಕುಂಬಾರನು ತಿಗರಿಯ ಮುಂದೆ ಕುಳಿತು ಜೇಡಿಯ ವಿಷಯದಲ್ಲಿ ಆಡುವುದೂ ಇದೇ ಮಾತನ್ನು. ಮೇಲ್ಮೈಯನ್ನು ನೋಡಿ ಹದವನ್ನು ಹೇಳಬಾರದೆಂಬುದು ಈ ಮೂವರಿಗೂ ಗೊತ್ತಿರುವ ಸಂಗತಿ.

ಹಿಮದ ವಿಷಯದಲ್ಲಿ ನಮ್ಮ ನುಡಿ ಬಡವೆಯೆಂದೇ ಹೇಳಬೇಕು. ಬಾಬಾಬುಡನ್‌ಗಿರಿಯ ನೆತ್ತಿಯನ್ನು ಮುಸುಕುವುದೂ ಮಂಜು, ಕೈಲಾಸವನ್ನು ಹೊದೆದಿರುವುದೂ ಮಂಜು. ಆಕಾಶದಿಂದ ಗಟ್ಟಿಯಾಗಿ ಬೀಳುವುದೆಂದರೆ ನಮಗೆ ಗೊತ್ತಿರುವುದು ಬೇಸಗೆಯ ಆಲಿಕಲ್ಲು ಮಾತ್ರ. ಆದರೂ ಉತ್ತರ ಅಮೆರಿಕದ ಪಶ್ಚಿಮ ಪರ್ವತಗಳಲ್ಲಿ, ರಾಕಿ, ಕ್ಯಾಸ್ಕೇಡ್, ಸಿಯೆರಾ ನೆವಾಡಾ ಎಂಬ ಆ ಮಹಾಶ್ರೇಣಿಗಳಲ್ಲಿ, ಡಿಸೆಂಬರಿನಿಂದ ಏಪ್ರಿಲಿನವರೆಗೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಯಂತ್ರವನ್ನೇರಿ ಹೊರಡುವ ಸವಾರನು ಸೂರ್ಯೋದಯಕ್ಕೆ ಮುಂಚೆ ಎದ್ದು ವಿಚಾರಿಸುವುದೇನೆಂದು ಒಂದೇ ಮಾತಿನಲ್ಲಿ ಹೇಳಬೇಕಾದರೆ ಹದವೆಂಬುದಕ್ಕಿಂತ ತಕ್ಕ ಶಬ್ದ ದೊರೆಯಲಾರದು. ಹಿಮ ಎಷ್ಟು ಆಳವಾಗಿದೆ, ಇಳಿಜಾರಿನ ಮೇಲೆ ಅದು ನಿಲ್ಲುವುದೋ ಕುಸಿಯುವುದೋ, ಜಾಡು ಸಮವಾಗಿದೆಯೋ ಗುಂಡಿಬಿದ್ದಿದೆಯೋ ಎಂಬ ಮೂರು ಪ್ರಶ್ನೆಗಳಿಗೆ ಅವನಿಗೆ ಇಂದು ಮೂರು ಅಚ್ಚುಕಟ್ಟಾದ ಉತ್ತರಗಳು ಬೆಳಗಿನ ಕಾಫಿಯೊಡನೆ ಸಿಕ್ಕುತ್ತವೆ. ಒಂದೇ ಕೈ ಬರೆದ ಸಮಾಚಾರದಂತೆ ತೋರುವ ಈ ಮೂರು ಉತ್ತರಗಳಿಗೆ ಮೂರು ಬೇರೆ ಬೇರೆ ವಂಶಾವಳಿಗಳುಂಟು. ಅವುಗಳಲ್ಲಿ ಎರಡಂತೂ ಈ ಸವಾರನನ್ನು ಕನಸಿನಲ್ಲಿಯೂ ಕಾಣದವರು ತಮ್ಮ ಬೇರೆ ಕಷ್ಟಗಳಿಗಾಗಿ ಹುಟ್ಟಿಸಿದವು.

ಮೊದಲನೆಯ ಉತ್ತರದ ಮೂಲಪುರುಷನು ಒಬ್ಬ ಲ್ಯಾಟಿನ್ ಮೇಷ್ಟರು. ಜೇಮ್ಸ್ ಎಡ್ವರ್ಡ್ ಚರ್ಚ್ ಎಂಬ ಮಿಷಿಗನ್ ಪ್ರಾಂತದ ತರುಣನು 1892ರಲ್ಲಿ ನೆವಾಡಾದ ರೀನೋ ಪಟ್ಟಣಕ್ಕೆ ಬಂದು, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ರೋಮಿನ ಭಾಷೆಯನ್ನೂ ಸಾಹಿತ್ಯವನ್ನೂ ಪಾಠ ಹೇಳತೊಡಗಿದನು. ನಡುವೆ ಜರ್ಮನಿಗೆ ಹೋಗಿ ಮ್ಯೂನಿಕ್ ವಿಶ್ವವಿದ್ಯಾನಿಲಯದಿಂದ 1901ರಲ್ಲಿ ಡಾಕ್ಟರೇಟ್ ಪಡೆದು ಬಂದುದೂ ಆ ವಿದ್ಯೆಯಲ್ಲಿಯೇ. ಆದರೆ ಊರಿನ ನೈಋತ್ಯಕ್ಕೆ 10,700 ಅಡಿಗೂ ಮಿಕ್ಕ ಎತ್ತರದಲ್ಲಿ ನಿಂತಿದ್ದ ಮೌಂಟ್ ರೋಸ್ ಎಂಬ ಶಿಖರವು ಈ ಪಂಡಿತನನ್ನು ಕಿಟಕಿಯಿಂದ ಕರೆಯುತ್ತಲೇ ಇದ್ದಿತು. ಚಳಿಗಾಲದಲ್ಲಿ ಆ ಬೆಟ್ಟವನ್ನು ಯಾರೂ ಹತ್ತುವುದಿಲ್ಲವೆಂದು ಊರಿನವರು ಹೇಳುತ್ತಿದ್ದ ದಿನಗಳಲ್ಲಿ, 1895ರಲ್ಲಿ, ಆತನು ಹಿಮದ ಮೇಲೆಯೇ ನಡೆದು ತುದಿಯನ್ನು ಮುಟ್ಟಿ ಬಂದನು. ಮುಂದೆ ಹತ್ತು ವರ್ಷಗಳಲ್ಲಿ ಅಲ್ಲಿ ಒಂದು ಹವಾಮಾನದ ವೀಕ್ಷಣಾಲಯವೂ ನಿಂತಿತು. ವಾರದ ದಿನಗಳಲ್ಲಿ ಲ್ಯಾಟಿನ್ ಪಾಠ, ಬಿಡುವಾದಾಗಲೆಲ್ಲ ಶಿಖರಯಾತ್ರೆ ಎಂಬುದು ಮೇಷ್ಟರ ದಿನಚರಿಯಾಯಿತು.

ಶಿಖರದ ನೈಋತ್ಯಕ್ಕೆ ಟಾಹೋ ಎಂಬ ಸರೋವರವಿದೆ. ಸುಮಾರು 500 ಚದರ ಕಿಲೊಮೀಟರು ವಿಸ್ತಾರದ ಆ ಜಲರಾಶಿಗೆ ಹೊರಹರಿವು ಒಂದೇ, ಟ್ರಕೀ ನದಿ. ಅದರ ಬಾಯಿಗೆ ಒಂದು ಅಣೆಕಟ್ಟು. ಬಾಗಿಲನ್ನು ಮುಚ್ಚಿ ನೀರು ನಿಲ್ಲಿಸಿದರೆ ದಡದ ಮನೆಗಳವರು ತಮ್ಮ ನೆಲ ಮುಳುಗಿತೆಂದು ಬೊಬ್ಬೆಯಿಡುವರು; ತೆರೆದು ಬಿಟ್ಟರೆ ಕೆಳಗಿನ ಹೊಲದವರೂ ವಿದ್ಯುತ್ತಿನ ಕಂಪನಿಯವರೂ ಬೇಸಗೆಗೆ ನೀರಿಲ್ಲವೆಂದು ನ್ಯಾಯಕ್ಕೆ ನಿಲ್ಲುವರು. ಕೆರೆಯ ತೂಬಿನ ಕೀಲಿ ಯಾರ ಕೈಯಲ್ಲಿರಬೇಕೆಂಬ ಜಗಳ ನಮ್ಮ ಹಳ್ಳಿಗಳಿಗೂ ಹೊಸತಲ್ಲವಷ್ಟೆ. ಆದರೆ ಈ ಜಗಳದಲ್ಲಿ ಒಂದು ವಿಶೇಷವಿದ್ದಿತು: ಬೇಸಗೆಯಲ್ಲಿ ಸರೋವರಕ್ಕೆ ಬರಲಿರುವ ನೀರೆಲ್ಲವೂ ಚಳಿಗಾಲದಲ್ಲಿಯೇ ಬಿದ್ದು, ಸುತ್ತಣ ಬೆಟ್ಟಗಳ ಮೇಲೆ ಹಿಮದ ರೂಪದಲ್ಲಿ ಎಲ್ಲರ ಕಣ್ಣೆದುರಿಗೇ ನಿಂತಿರುತ್ತಿತ್ತು. ಕಣ್ಣೆದುರಿಗಿರುವುದನ್ನು ಅಳೆಯಬಲ್ಲವರು ಮಾತ್ರ ಯಾರೂ ಇರಲಿಲ್ಲ.

ಅಳತೆ ಸುಲಭವೆಂದು ತೋರಬಹುದು. ಒಂದು ಕೋಲನ್ನು ಚುಚ್ಚಿದರೆ ಆಳ ತಿಳಿಯುವುದಿಲ್ಲವೇ? ತಿಳಿಯುತ್ತದೆ, ಆದರೆ ಆಳವು ಸುಳ್ಳು ಹೇಳುತ್ತದೆ. ಆಗತಾನೆ ಬಿದ್ದ ಹಿಮವು ಅರಳೆಯಂತೆ. ಅದರ ಹತ್ತು ಅಂಗುಲವನ್ನು ಕರಗಿಸಿದರೆ ಒಂದು ಅಂಗುಲ ನೀರು ದೊರೆತರೆ ಹೆಚ್ಚು. ತನ್ನ ಭಾರಕ್ಕೇ ಕುಸಿದು, ಬಿಸಿಲಿಗೆ ಬೆವೆತು, ರಾತ್ರಿಗೆ ಹೆಪ್ಪುಗಟ್ಟಿ ವಸಂತದವರೆಗೆ ಉಳಿದ ಹಿಮವಾದರೋ ಎರಡೂವರೆ ಅಂಗುಲಕ್ಕೇ ಒಂದು ಅಂಗುಲ ನೀರನ್ನು ಕೊಡುತ್ತದೆ. ಆದುದರಿಂದ ಹಿಮವನ್ನು ಅಳೆಯಬಾರದು, ತೂಗಬೇಕು ಎಂಬುದು ಚರ್ಚ್ ಕಂಡುಕೊಂಡ ತತ್ತ್ವ. ಅದಕ್ಕಾಗಿ ಆತನು 1908-09ರ ಸುಮಾರಿಗೆ ರೂಪಿಸಿದ ಉಪಕರಣವು ‘ಮೌಂಟ್ ರೋಸ್ ಸ್ಯಾಂಪ್ಲರ್’ ಎಂದು ಪ್ರಸಿದ್ಧವಾಯಿತು.

ಆ ಉಪಕರಣವನ್ನು ತುಸು ಹತ್ತಿರದಿಂದ ನೋಡುವುದು ಲೇಸು. ಅದು ಒಂದಕ್ಕೊಂದು ಸೇರಿಸಿ ಬೇಕಾದಷ್ಟು ಉದ್ದ ಮಾಡಿಕೊಳ್ಳಬಹುದಾದ ಟೊಳ್ಳಾದ ಲೋಹದ ಕೊಳವೆ. ತುದಿಯಲ್ಲಿ ಗರಗಸದಂತೆ ಹಲ್ಲುಗಳುಳ್ಳ ಉಕ್ಕಿನ ಬಾಯಿ. ಮೈಯುದ್ದಕ್ಕೂ ಒಳಗನ್ನು ಕಾಣುವಂತೆ ಸೀಳುಗಳು, ಹೊರಗೆ ಅಂಗುಲಗಳ ಗುರುತು. ಬರಿಯ ಕೊಳವೆಯನ್ನು ಮೊದಲು ತೂಗಿ, ಬಳಿಕ ಅದನ್ನು ಹಿಮದೊಳಕ್ಕೆ ನೆಟ್ಟಗೆ ತಿರುಗಿಸುತ್ತ, ನಡುವೆ ಗಟ್ಟಿ ಪದರ ಸಿಕ್ಕಿದರೆ ಕೊರೆಯುತ್ತ, ನೆಲ ಮುಟ್ಟುವವರೆಗೆ ಇಳಿಸುತ್ತಾರೆ. ಮೇಲಕ್ಕೆತ್ತಿದಾಗ ಬಾಯಲ್ಲಿ ಒಂದಿಷ್ಟು ಮಣ್ಣೋ ಹುಲ್ಲೋ ಕಚ್ಚಿಕೊಂಡು ಬಂದಿರಬೇಕು. ಬಂದರೆ ತಳ ಮುಟ್ಟಿದುದಕ್ಕೆ ಅದೇ ಸಾಕ್ಷಿ. ಆ ಮಣ್ಣನ್ನು ಚಾಕುವಿನಿಂದ ಕೆರೆದು ತೆಗೆದು, ಒಳಗೆ ನಿಂತ ಹಿಮಸಹಿತವಾಗಿ ಕೊಳವೆಯನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕುತ್ತಾರೆ. ಮುಂದೆ ಯೂಟಾ ರಾಜ್ಯದ ಇಂಜಿನಿಯರಾದ ಜಾರ್ಜ್ ಕ್ಲೈಡ್ (ಬಹುಕಾಲದ ಮೇಲೆ ಅದೇ ರಾಜ್ಯದ ಗವರ್ನರಾದವರು ಇವರೇ) ಕೊಳವೆಯನ್ನು ಹಗುರ ಲೋಹದಲ್ಲಿ ಮಾಡಿಸಿ ಸುಧಾರಿಸಿದರು. ಹೀಗೆ ರೂಢಿಗೆ ಬಂದ ಕೊಳವೆಯ ಬಾಯಿಯ ಅಗಲ 1.485 ಅಂಗುಲ. ಈ ವಿಲಕ್ಷಣ ಸಂಖ್ಯೆಯ ಗುಟ್ಟೇನೆಂದರೆ, ಅಷ್ಟು ಅಗಲದ ಕೊಳವೆಯಲ್ಲಿ ಒಂದು ಔನ್ಸ್ ತೂಗುವ ಹಿಮವು ಕರಗಿದರೆ ಸರಿಯಾಗಿ ಒಂದು ಅಂಗುಲ ನೀರು. ಲೆಕ್ಕ ಹಾಕುವ ತೊಂದರೆಯೇ ಇಲ್ಲ, ತಕ್ಕಡಿಯ ಮುಳ್ಳೇ ನೀರಿನ ಅಂಗುಲವನ್ನು ತೋರಿಸುತ್ತದೆ. ಬೆರಳು ಮರಗಟ್ಟುವ ಚಳಿಯಲ್ಲಿ ಗುಣಾಕಾರ ಭಾಗಾಕಾರಗಳನ್ನು ತಪ್ಪಿಲ್ಲದೆ ಮಾಡಬಲ್ಲವರು ವಿರಳರೆಂಬುದನ್ನು ಬಲ್ಲವರು ರೂಪಿಸಿದ ಅಳತೆಯಿದು.

ಹೀಗೆ ಪ್ರತಿವರ್ಷವೂ ಅದೇ ಬೆಟ್ಟದ ಅದೇ ಜಾಗಗಳಲ್ಲಿ ತೂಗಿ, ಈ ವರ್ಷದ ಹಿಮ ವಾಡಿಕೆಯ ಎಷ್ಟು ಪಾಲೆಂಬುದನ್ನು ಕಂಡರೆ ಸರೋವರದ ಏರಿಕೆಯೂ ವಾಡಿಕೆಯ ಅಷ್ಟೇ ಪಾಲೆಂದು ಹೇಳಬಹುದೆಂಬ ಸರಳ ನ್ಯಾಯವನ್ನು ಚರ್ಚ್ ಸ್ಥಾಪಿಸಿದನು. ತೂಬಿನ ಜಗಳಕ್ಕೆ ಒಂದು ಆಧಾರ ದೊರೆಯಿತು. ನೆರೆಯ ರಾಜ್ಯಗಳು ಒಂದೊಂದಾಗಿ ಈ ಕ್ರಮವನ್ನು ಕೈಕೊಂಡವು. 1934ರ ಘೋರ ಕ್ಷಾಮದ ಬೆನ್ನಿಗೆ, 1935ರಲ್ಲಿ, ಅಮೆರಿಕದ ಕೇಂದ್ರ ಸರ್ಕಾರದ ಕೃಷಿ ಇಲಾಖೆಯೇ ಹಿಮಸಮೀಕ್ಷೆಯ ಹೊಣೆಯನ್ನು ವಹಿಸಿಕೊಂಡಿತು. ಜನವರಿಯಿಂದ ಮೇ ತಿಂಗಳವರೆಗೆ ಪ್ರತಿ ತಿಂಗಳ ಮೊದಲ ದಿನಗಳಲ್ಲಿ ಇಬ್ಬಿಬ್ಬರು ನೌಕರರು ಕಾಲಿಗೆ ಸ್ಕೀ ಕಟ್ಟಿ, ಬೆನ್ನಿಗೆ ಕೊಳವೆ ಹೊತ್ತು, ಬೆಟ್ಟದೊಳಗಿನ ಮರದ ಗುಡಿಸಲುಗಳಲ್ಲಿ ರಾತ್ರಿ ಕಳೆಯುತ್ತ ಹಿಮವನ್ನು ತೂಗಿ ಬರುವುದು ಪಶ್ಚಿಮ ರಾಜ್ಯಗಳ ಒಂದು ವೃತ್ತಿಯೇ ಆಯಿತು. ಏಪ್ರಿಲ್ 1ರ ತೂಕವು ನಮ್ಮಲ್ಲಿ ಯುಗಾದಿಯ ಪಂಚಾಂಗಶ್ರವಣವಿದ್ದಂತೆ, ಆ ವರ್ಷದ ಬೆಳೆಯ ಭವಿಷ್ಯವನ್ನು ಹೇಳುವ ಮಾತಾಯಿತು. ಲ್ಯಾಟಿನ್ ಮೇಷ್ಟರು 1947ರ ಆಸುಪಾಸಿನಲ್ಲಿ, ಎಂಬತ್ತಕ್ಕೆ ಸಮೀಪಿಸಿದ ವಯಸ್ಸಿನಲ್ಲಿ, ಭಾರತ ಸರ್ಕಾರದ ಆಹ್ವಾನದ ಮೇಲೆ ಹಿಮಾಲಯದ ಹಿಮವನ್ನು ಅಳೆಯುವ ಕ್ರಮವನ್ನು ತೋರಿಸಿಕೊಡಲು ಇಲ್ಲಿಗೂ ಬಂದಿದ್ದರೆಂಬುದನ್ನು ನಾವು ಮರೆಯಬಾರದು. 1959ರಲ್ಲಿ ಅವರು ತೀರಿಕೊಂಡರು. ರೀನೋ ವಿಶ್ವವಿದ್ಯಾನಿಲಯದಲ್ಲಿ ಅವರ ಹೆಸರನ್ನು ಹೊತ್ತಿರುವುದು ಹವಾಮಾನದ ಶಾಲೆಯಲ್ಲ, ಲಲಿತಕಲೆಗಳ ಭವನ.

ಅವರು ತೀರಿಕೊಂಡ ವರ್ಷವೇ ಹಿಮದ ಮೇಲೆ ಒಂದು ಹೊಸ ಪ್ರಾಣಿ ಓಡಾಡತೊಡಗಿತೆಂಬುದು ಕಾಲದ ಒಂದು ಆಕಸ್ಮಿಕ. ಅದರ ಪೂರ್ವಜರು ಹಲವರು. ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಹಳ್ಳಿಯ ಕಾರ್ಲ್ ಎಲಿಯಾಸನ್ 1924ರಲ್ಲಿ ಒಂದು ಮರದ ಜಾರುಬಂಡಿಗೆ ದೋಣಿಯ ಎರಡೂವರೆ ಅಶ್ವಶಕ್ತಿಯ ಎಂಜಿನ್ನನ್ನೂ ಹಳೆಯ ಫೋರ್ಡ್ ಕಾರಿನ ರೇಡಿಯೇಟರಿನ ತುಂಡನ್ನೂ ಸೇರಿಸಿ, ಹಗ್ಗದಿಂದ ತಿರುಗಿಸುವ ಎರಡು ಸ್ಕೀಗಳನ್ನು ಮುಂದಕ್ಕೆ ಕಟ್ಟಿ ಓಡಿಸಿದನು. ಆದರೆ ಈ ಕಥೆಯ ಕರುಣರಸವೆಲ್ಲವೂ ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಎಂಬ ಹಳ್ಳಿಗೆ ಸೇರಿದುದು. ಅಲ್ಲಿ ಚಳಿಗಾಲ ಬಂದಿತೆಂದರೆ ದಾರಿಗಳೆಲ್ಲ ಹಿಮದಡಿ ಹೂತು, ಮೋಟಾರುಗಳು ಕೊಟ್ಟಿಗೆ ಸೇರಿ, ಕುದುರೆಗಾಡಿಯೊಂದೇ ಗತಿಯಾಗುತ್ತಿತ್ತು. 1934ರ ಚಳಿಗಾಲದಲ್ಲಿ ಆ ಊರಿನ ಮೆಕ್ಯಾನಿಕ್ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ಎಂಬಾತನ ಎರಡು ವರ್ಷದ ಮಗುವಿಗೆ ಹೊಟ್ಟೆಯೊಳಗೆ ಹುಣ್ಣಾಗಿ ಕೀವು ಹರಡಿತು. ಆಸ್ಪತ್ರೆ ಇದ್ದುದು ದೂರದ ಶೆರ್ಬ್ರೂಕ್ ಪಟ್ಟಣದಲ್ಲಿ. ಹದಿನೈದನೆಯ ವಯಸ್ಸಿನಿಂದ ಹಿಮದ ಮೇಲೆ ಓಡುವ ಬಂಡಿಗಳನ್ನು ಕಟ್ಟಿ ಕೆಡವುತ್ತಿದ್ದ ಆ ಯಂತ್ರಜ್ಞನ ಕೈಯಲ್ಲಿ, ಬೇಕಾದ ಆ ಒಂದು ರಾತ್ರಿ, ಓಡುವ ಬಂಡಿಯಿರಲಿಲ್ಲ. ಮಗು ಉಳಿಯಲಿಲ್ಲ.

ಮುಂದಿನ ಮೂರು ವರ್ಷಗಳ ಶ್ರಮದ ಫಲವಾಗಿ ಆತನು ರಬ್ಬರು ಹೊದಿಸಿದ ಹಲ್ಲುಗಾಲಿಯನ್ನೂ, ಅದರ ಹಲ್ಲಿಗೆ ಕಚ್ಚಿಕೊಂಡು ಸುತ್ತುವ ಪಟ್ಟಿಯನ್ನೂ ಕಂಡುಹಿಡಿದು 1937ರಲ್ಲಿ ಪೇಟೆಂಟ್ ಪಡೆದನು. ಲೋಹದ ಹಲ್ಲಿಗೆ ಹಿಮ ಮೆತ್ತಿ ಹೆಪ್ಪುಗಟ್ಟುತ್ತಿತ್ತು. ರಬ್ಬರು ಬಾಗಿದಾಗಲೆಲ್ಲ ಅದು ತಾನೇ ಸಿಡಿದು ಉದುರುತ್ತಿತ್ತು. ಏಳು ಜನ ಕೂರುವ ‘ಬಿ7’, ಆಮೇಲೆ ಹನ್ನೆರಡು ಜನರ ‘ಬಿ12’ ಎಂಬ, ಹಡಗಿನಂತೆ ದುಂಡು ಕಿಟಕಿಗಳುಳ್ಳ ಆ ಬಂಡಿಗಳು ಕ್ವಿಬೆಕ್ಕಿನ ವೈದ್ಯರನ್ನೂ ಅಂಚೆಯವರನ್ನೂ ಪಾದ್ರಿಗಳನ್ನೂ ಶಾಲೆಯ ಮಕ್ಕಳನ್ನೂ ಹೊತ್ತು ತಿರುಗಿದವು. 1948ರಲ್ಲಿ ಪ್ರಾಂತದ ಸರ್ಕಾರವು ಗ್ರಾಮಾಂತರ ರಸ್ತೆಗಳ ಹಿಮವನ್ನೂ ತೆಗೆಸಬೇಕೆಂದು ನಿಯಮ ಮಾಡಿದೊಡನೆ ಬಂಡಿಗಳ ಬೇಡಿಕೆ ಕುಸಿಯಿತು. ರಸ್ತೆಯಿದ್ದಲ್ಲಿ ಇನ್ನು ತನಗೆ ಕೆಲಸವಿಲ್ಲವೆಂದು ಕಂಡ ಬೊಂಬಾರ್ಡಿಯೇ, ರಸ್ತೆಯೇ ಇಲ್ಲದ ಕಡೆಗೆ ಒಬ್ಬಿಬ್ಬರನ್ನು ಹೊತ್ತೊಯ್ಯಬಲ್ಲ ಹಗುರ ಯಂತ್ರವೊಂದನ್ನು ಮಾಡಿ 1959ರಲ್ಲಿ ಮಾರಾಟಕ್ಕಿಟ್ಟನು; ಅದೇ ‘ಸ್ಕೀ-ಡೂ’. ಉತ್ತರದ ಕಾಡುಗಳಲ್ಲಿ ನಾಯಿಗಳು ಎಳೆಯುವ ಬಂಡಿಗೆ ಬದಲಾಗಿ ಬಂದ ಅದಕ್ಕೆ ‘ಸ್ಕೀ-ಡಾಗ್’ ಎಂದು ಹೆಸರಿಡಲು ಹೊರಟು ಅಕ್ಷರ ತಪ್ಪಿತೆಂಬ ಕಥೆಯೂ ಉಂಟು.

ಅದೇ ದಶಕದಲ್ಲಿ ಅಮೆರಿಕದ ಮಿನಸೋಟಾ ರಾಜ್ಯದ ರೋಸೋ ಎಂಬ ಊರಿನಲ್ಲಿ, ಒಕ್ಕಲುತನದ ಸಾಮಾನುಗಳನ್ನು ಮಾಡುತ್ತಿದ್ದ ಎಡ್ಗರ್ ಹೆಟೀನ್, ಅವನ ತಮ್ಮ ಅಲನ್, ಮಿತ್ರ ಡೇವಿಡ್ ಜಾನ್ಸನ್ ಇವರು ಪೊಲಾರಿಸ್ ಎಂಬ ತಮ್ಮ ಕಾರ್ಖಾನೆಯಲ್ಲಿ ಇಂಥದೇ ಯಂತ್ರವನ್ನು ಕಟ್ಟಿದರು. ಇದನ್ನು ಆಟದ ಸಾಮಾನೆಂದು ನಕ್ಕವರಿಗೆ ಉತ್ತರವಾಗಿ 1960ರ ಮಾರ್ಚಿನಲ್ಲಿ ಎಡ್ಗರನು ಸಂಗಡಿಗರೊಡನೆ ಅಲಾಸ್ಕಾದ ಬೆತೆಲ್‌ನಿಂದ ಫೇರ್‌ಬ್ಯಾಂಕ್ಸ್‌ವರೆಗೆ ಸಾವಿರ ಮೈಲಿಗೂ ಮಿಕ್ಕ ದಾರಿಯನ್ನು ಕ್ರಮಿಸಿ ತೋರಿಸಿದನು. ಅಲ್ಲಿಂದ ಹತ್ತು ವರ್ಷಗಳಲ್ಲಿ ಯಂತ್ರಗಳನ್ನು ತಯಾರಿಸುವವರ ಸಂಖ್ಯೆ ನೂರನ್ನು ದಾಟಿತು. 1971ರ ಸುಮಾರಿಗೆ ಉತ್ತರ ಅಮೆರಿಕದಲ್ಲಿ ಒಂದೇ ವರ್ಷಕ್ಕೆ ಹತ್ತಿರಹತ್ತಿರ 5 ಲಕ್ಷ ಯಂತ್ರಗಳು ಮಾರಿಹೋದವು. ಮಗುವನ್ನು ಆಸ್ಪತ್ರೆಗೆ ಒಯ್ಯಲೆಂದು ಹುಟ್ಟಿದ ವಿಚಾರವು ಭಾನುವಾರದ ವಿನೋದವಾಗಿ ಬೆಳೆಯಿತು.

ವಿನೋದಕ್ಕೆ ಹೊರಟವರಿಗೆ ಬೇಕಾದುದು ಜಾಡು. ಮೂರು ಉತ್ತರಗಳಲ್ಲಿ ಸವಾರರು ತಾವೇ ಹುಟ್ಟಿಸಿಕೊಂಡದ್ದು ಇದೊಂದೇ. ನೂರು ಯಂತ್ರಗಳು ಒಂದೇ ದಾರಿಯಲ್ಲಿ ಹಾದುಹೋದವೆಂದರೆ, ಪ್ರತಿಯೊಂದರ ಪಟ್ಟಿಯೂ ಏರಿನಲ್ಲಿ ತುಸು ತುಸು ಹಿಮವನ್ನು ಹಿಂದಕ್ಕೆಸೆದು, ತಗ್ಗಿನಲ್ಲಿ ತುಸು ತುಸು ಕೆತ್ತಿ, ಸಂಜೆಯ ಹೊತ್ತಿಗೆ ದಾರಿಯು ಸಮುದ್ರದ ಅಲೆಗಳಂತೆ ಉಬ್ಬುತಗ್ಗುಗಳ ಸಾಲಾಗುತ್ತದೆ. ಊರೂರಿನ ಸವಾರರ ಕ್ಲಬ್ಬುಗಳು ಮೊದಮೊದಲು ಹಳೆಯ ಮಂಚದ ಸ್ಪ್ರಿಂಗನ್ನೋ ಮರದ ಹಲುಬೆಯನ್ನೋ ಯಂತ್ರದ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನಮ್ಮ ರೈತನು ಉತ್ತ ಹೊಲದ ಮೇಲೆ ಹಲುಬೆ ಹೊಡೆದಂತೆಯೇ ಅದು. ಬಳಿಕ ರಾಜ್ಯಗಳು ಯಂತ್ರಗಳ ನೋಂದಣಿಯಿಂದ ಬಂದ ಹಣವನ್ನು ಇದಕ್ಕೆ ಒದಗಿಸತೊಡಗಿದಾಗ ಗ್ರೂಮರ್ ಎಂಬ ದೊಡ್ಡ ಯಂತ್ರಗಳು ಬಂದವು. ಅವು ಅಲಗಿನಿಂದ ಉಬ್ಬುಗಳನ್ನು ಬುಡದವರೆಗೆ ಕತ್ತರಿಸಿ, ಹಿಮವನ್ನು ಹೊರಳಿಸಿ, ಹಿಂದಿನ ಅಗಲವಾದ ತಟ್ಟೆಯಿಂದ ಒತ್ತಿ ಹೋಗುತ್ತವೆ. ಈ ಕೆಲಸವನ್ನು ರಾತ್ರಿಯಲ್ಲಿಯೇ ಮಾಡುವುದಕ್ಕೆ ಕಾರಣವುಂಟು. ಕತ್ತರಿಸಿ ಕದಡಿದ ಹಿಮದ ಕಣಗಳು ತಮ್ಮ ತಮ್ಮಲ್ಲಿ ಬೆಸೆದುಕೊಂಡು ಗಟ್ಟಿಯಾಗಲು ಚಳಿಯೂ ಕೆಲವು ಗಂಟೆಗಳ ಮೌನವೂ ಬೇಕು. ಗಾರೆಯ ನೆಲವು ಸೆಟ್ ಆಗುವ ಮುನ್ನ ಅದರ ಮೇಲೆ ನಡೆದರೆ ಏನಾಗುವುದೋ, ಗ್ರೂಮರಿನ ಬೆನ್ನಿಗೇ ಓಡಿದರೂ ಅದೇ ಆಗುತ್ತದೆ. ಆದುದರಿಂದ ಬೆಳಗಿನ ಸಮಾಚಾರದಲ್ಲಿ ಜಾಡು ಗ್ರೂಮ್ ಆಯಿತೇ ಎಂಬುದರ ಜೊತೆಗೆ ಯಾವ ಹೊತ್ತಿನಲ್ಲಿ ಆಯಿತೆಂಬುದನ್ನೂ ಬಲ್ಲವರು ವಿಚಾರಿಸುತ್ತಾರೆ.

ಜಾಡು ಅತಿಯಾಗಿ ಗಟ್ಟಿಯಾದರೂ ಅನರ್ಥವೇ. ಈ ಕಾಲದ ಯಂತ್ರಗಳಲ್ಲಿ ಎಂಜಿನ್ನನ್ನು ತಣಿಸುವ ದ್ರವವು ಸವಾರನ ಪೀಠದಡಿಯ ನಳಿಕೆಗಳಲ್ಲಿ ಹರಿಯುತ್ತದೆ. ಪಟ್ಟಿಯು ಮೇಲಕ್ಕೆರಚುವ ಹಿಮದ ಪುಡಿಯೇ ಆ ನಳಿಕೆಗಳಿಗೆ ತಂಪು. ಪಟ್ಟಿಯೊಳಗಿನ ಜಾರುಕಂಬಿಗಳಿಗೆ ಎಣ್ಣೆಯೂ ಅದೇ. ದಾರಿ ಗಾಜಿನಂತೆ ಹೆಪ್ಪುಗಟ್ಟಿದ್ದರೆ ಪುಡಿ ಏಳದು. ಸುತ್ತಲೂ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಿರುವಾಗ ಎಂಜಿನ್ ಮಾತ್ರ ಜ್ವರ ಬಂದಂತೆ ಕುದಿಯುತ್ತದೆ. ಅಂಥ ದಿನಗಳಲ್ಲಿ ಸವಾರರು ಹಿಮವನ್ನು ಗೀರಿ ಪುಡಿಯೆಬ್ಬಿಸುವ ಸಣ್ಣ ಉಕ್ಕಿನ ಕಡ್ಡಿಗಳನ್ನು ಇಳಿಬಿಟ್ಟುಕೊಂಡು ಹೋಗುತ್ತಾರೆ. ಇಷ್ಟೆಲ್ಲ ಸೂಕ್ಷ್ಮಗಳು ‘ಜಾಡು ಗಟ್ಟಿಯಾಗಿದೆ’ ಎಂಬ ಒಂದು ಸಾಲಿನ ಸಮಾಚಾರದೊಳಗೆ ಅಡಕವಾಗಿವೆ.

ಇನ್ನು ಉಳಿದುದು ಎರಡನೆಯ ಪ್ರಶ್ನೆ, ಅದೇ ಕಠಿನವಾದುದು. ಹಿಮವು ನಿಲ್ಲುವುದೋ ಕುಸಿಯುವುದೋ ಎಂಬ ವಿದ್ಯೆ ಈ ಪರ್ವತಗಳಿಗೆ ಹೆಣಗಳ ಲೆಕ್ಕದಿಂದ ಬಂದಿತು. 1910ರ ಮಾರ್ಚ್ 1ರಂದು ಕ್ಯಾಸ್ಕೇಡ್ ಪರ್ವತಗಳ ವೆಲಿಂಗ್ಟನ್ ಎಂಬ ರೈಲ್ವೆ ನಿಲ್ದಾಣದಲ್ಲಿ, ಹಿಮದಿಂದಾಗಿ ದಿನಗಟ್ಟಲೆ ತಡೆದು ನಿಂತಿದ್ದ ರೈಲುಗಳ ಮೇಲೆ ಬೆಟ್ಟದ ಹಿಮ ಜಾರಿ ಬಿದ್ದು 96 ಮಂದಿ ಸತ್ತರು. ಮೂರು ದಿನಗಳ ಮೇಲೆ ಕೆನಡಾದ ರೋಜರ್ಸ್ ಪಾಸ್ ಎಂಬ ಕಣಿವೆದಾರಿಯಲ್ಲಿ, ಒಂದು ಕುಸಿತದ ಹಿಮವನ್ನು ಹಳಿಯ ಮೇಲಿಂದ ತೆಗೆಯುತ್ತಿದ್ದ ಕೂಲಿಗಳ ಮೇಲೆ ಎದುರು ಬೆಟ್ಟದ ಹಿಮ ಇಳಿದು 58 ಮಂದಿ ಸತ್ತರು. ರೈಲಿನವರು ಸುರಂಗ ಕೊರೆದು ಪಾರಾದರು. ಸ್ಕೀ ಆಟಗಾರರು ಬಂದಾಗ ಆ ಉಪಾಯ ಸಾಗಲಿಲ್ಲ. ಯೂಟಾದ ಆಲ್ಟಾ ಎಂಬ ಹಳೆಯ ಬೆಳ್ಳಿಗಣಿಯ ಕಣಿವೆಯಲ್ಲಿ ಸ್ಕೀ ಮೈದಾನ ತೆರೆದಾಗ ಅರಣ್ಯ ಇಲಾಖೆಯು ಹಿಮವನ್ನು ಕಾಯಲು ಒಬ್ಬ ರೇಂಜರನನ್ನು ನೇಮಿಸಿತು; ಎರಡನೆಯ ಮಹಾಯುದ್ಧ ಮುಗಿದ ಬಳಿಕ ಆ ಕೆಲಸಕ್ಕೆ ಬಂದವನು ಪರ್ವತಸೈನ್ಯದಿಂದ ಹಿಂದಿರುಗಿದ್ದ ಮಾಂಟಿ ಅಟ್ವಾಟರ್. ಹೊಸ ಹಿಮದ ಆಳ, ಅದು ಬಿದ್ದ ವೇಗ, ಗಾಳಿ, ಉಷ್ಣತೆ, ಕೆಳಗಿನ ಹಳೆಯ ಹಿಮದ ಗುಣ ಮೊದಲಾದ ಹತ್ತು ಕಾರಣಗಳನ್ನು ದಿನವೂ ಬರೆದಿಟ್ಟು, ಯಾವಾಗ ಅಪಾಯವೆಂದು ಮುಂಚಿತವಾಗಿ ಹೇಳುವ ಪದ್ಧತಿಯನ್ನು ಆತನು ಕಟ್ಟಿದನು. ಅಪಾಯವಿರುವ ಹಿಮವನ್ನು ಜನ ಏಳುವ ಮುನ್ನವೇ ಫಿರಂಗಿ ಹಾರಿಸಿ ಕೆಡವುವುದನ್ನೂ ಕಲಿಸಿದನು. 1952ರಲ್ಲಿ ಅವನನ್ನು ಕೂಡಿಕೊಂಡ ಎಡ್ ಲಾಶಪೆಲ್, ಸ್ವಿಟ್ಜರ್ಲೆಂಡಿನ ದಾವೋಸ್ ಬಳಿಯ ಹಿಮಸಂಶೋಧನಾಲಯದಲ್ಲಿ ಕಲಿತು ಬಂದ ವಿಜ್ಞಾನಿ. ಪದರಗಳನ್ನು ಓದುವ ವಿದ್ಯೆಯನ್ನು ಆಲ್ಟಾಕ್ಕೆ ತಂದವನು ಆತನೇ.

ಪದರಗಳನ್ನು ಓದುವುದೆಂದರೇನೆಂಬುದನ್ನು ಅರಿಯಬೇಕಾದರೆ ಸಲಿಕೆ ಹಿಡಿದು ಹಿಮದಲ್ಲಿ ನೆಲದವರೆಗೆ ಒಂದು ಗುಂಡಿ ತೋಡಿ, ಅದರ ಗೋಡೆಯನ್ನು ನುಣ್ಣಗೆ ಹೆರೆದು ನೋಡಬೇಕು. ಒಂದೊಂದು ಬಿರುಗಾಳಿಯೂ ಒಂದೊಂದು ರೇಖೆಯಾಗಿ ಅಲ್ಲಿ ಬರೆಯಲ್ಪಟ್ಟಿರುತ್ತದೆ: ಮುಷ್ಟಿ ಸಲೀಸಾಗಿ ಹೊಗುವ ಮೆತ್ತನೆಯ ಪದರ, ಪೆನ್ಸಿಲು ಮಾತ್ರ ಹೊಗುವ ಗಾಳಿಗಟ್ಟಿದ ಪದರ, ಚಾಕು ಬೇಕಾಗುವ ಹೆಪ್ಪಿನ ಪದರ. ಎಲ್ಲಕ್ಕೂ ಕೆಳಗೆ, ನೆಲಕ್ಕೆ ಹತ್ತಿರ, ಕೆಲವು ವರ್ಷ ಒಂದು ವಿಚಿತ್ರ ಪದರ ಸಿಕ್ಕುತ್ತದೆ. ಚಳಿಗಾಲದ ಮೊದಲಲ್ಲಿ ಹಿಮ ತೆಳುವಾಗಿದ್ದು ಆಕಾಶ ಬಹಳ ದಿನ ತಿಳಿಯಾಗಿದ್ದರೆ, ಕೆಳಗಿನ ನೆಲ ಸೊನ್ನೆ ಡಿಗ್ರಿಯ ಬಳಿಯೂ ಮೇಲಿನ ಗಾಳಿ ಅದಕ್ಕಿಂತ ಬಹಳ ಕೆಳಗೂ ಇರುವುದರಿಂದ, ಹಿಮದೊಳಗಿನ ಆವಿಯು ಮೇಲಕ್ಕೇರುತ್ತ ಕಣದಿಂದ ಕಣಕ್ಕೆ ದಾಟಿ, ಬೆಸುಗೆಗಳನ್ನೆಲ್ಲ ಕರಗಿಸಿ, ಒಂದಕ್ಕೊಂದು ಅಂಟದ ಕೋನಕೋನದ ಹರಳುಗಳನ್ನು ಬೆಳೆಸುತ್ತದೆ. ಹಿಡಿ ತುಂಬಿಕೊಂಡು ಅಮುಕಿದರೆ ಅದು ಉಂಡೆಯಾಗದೆ, ಹುರಿದ ಬನ್ಸಿ ರವೆಯಂತೆ ಬೆರಳ ಸಂದಿಯಿಂದ ಉದುರಿಹೋಗುತ್ತದೆ. ಅಲ್ಲಿಯ ಜನ ಅದನ್ನು ಸಕ್ಕರೆ ಹಿಮವೆನ್ನುತ್ತಾರೆ. ಇಂಥ ರವೆಯ ಮೇಲೆ ಆಮೇಲಿನ ಬಿರುಗಾಳಿಗಳು ಮೂರು ನಾಲ್ಕು ಅಡಿ ಗಟ್ಟಿ ಚಪ್ಪಡಿಯನ್ನು ಹೊರಿಸಿದವೆಂದರೆ, 30ರಿಂದ 45 ಡಿಗ್ರಿ ಓರೆಯ ಇಳಿಜಾರು ಒಬ್ಬನ ಭಾರಕ್ಕಾಗಿ ಕಾಯುತ್ತ ನಿಂತಂತೆಯೇ. ಮೇಲಿನಿಂದ ನೋಡುವವನಿಗೆ ಕಾಣುವುದು ನುಣ್ಣನೆಯ ಬಿಳುಪೊಂದೇ.

ಈ ವಿದ್ಯೆಯೆಲ್ಲ ಬೆಳೆದದ್ದು ಸ್ಕೀ ಮೈದಾನಗಳ ಸುತ್ತ. ಮೊದಲ ಯಂತ್ರಗಳು ಆಳವಾದ ಪುಡಿ ಹಿಮದಲ್ಲಿ ಹೂತುಹೋಗುತ್ತಿದ್ದುದರಿಂದ ಕಡಿದಾದ ಇಳಿಜಾರುಗಳಿಗೆ ಏರುವ ಪ್ರಶ್ನೆಯೇ ಇರಲಿಲ್ಲ. ಅವುಗಳ ಅಶಕ್ತಿಯೇ ಸವಾರರಿಗೆ ರಕ್ಷೆಯಾಗಿತ್ತು. ಬಹುಕಾಲ ಜಾಡಿನ ಯಂತ್ರದ ಪಟ್ಟಿಯ ವಾಡಿಕೆಯ ಉದ್ದ 121 ಅಂಗುಲ. 1990ರ ದಶಕದಿಂದ ಬೆಟ್ಟಕ್ಕಾಗಿಯೇ ಮಾಡಿದ ಯಂತ್ರಗಳ ಪಟ್ಟಿಯು ಉದ್ದವಾಗುತ್ತ ಇಂದು 165 ಅಂಗುಲವನ್ನೂ ದಾಟಿದೆ. ಅದರ ಮೇಲಿನ ಹುಟ್ಟುಗಳಂಥ ರಬ್ಬರಿನ ಹಲ್ಲುಗಳು ಮೂರು ಅಂಗುಲದವರೆಗೂ ಎದ್ದಿವೆ. ಸ್ಕೀ ಆಟಗಾರನು ಅರ್ಧ ದಿನ ನಡೆದು ತಲಪುವ ಕೊಳ್ಳವನ್ನು ಸವಾರನು ಹತ್ತು ನಿಮಿಷದಲ್ಲಿ ತಲಪತೊಡಗಿದನು. ಬೆಟ್ಟದ ಓರೆಯನ್ನು ನೆಟ್ಟಗೆ ಏರಿ, ಎಂಜಿನ್ನಿನ ಉಸಿರು ಕಟ್ಟುವಲ್ಲಿ ಹೊರಳಿ, ಯಾರ ಗುರುತು ಎಲ್ಲರಿಗಿಂತ ಮೇಲಿದೆಯೆಂದು ಪಂದ್ಯ ಕಟ್ಟುವ ‘ಹೈಮಾರ್ಕಿಂಗ್’ ಎಂಬ ಆಟವೂ ಬೆಳೆಯಿತು. ಆ ಶತಮಾನ ಮುಗಿಯುವ ಹೊತ್ತಿಗೆ ಅಮೆರಿಕದ ಹಿಮಕುಸಿತಗಳಲ್ಲಿ ಸಾಯುವವರಲ್ಲಿ ಸವಾರರದೇ ದೊಡ್ಡ ಪಾಲಾಯಿತು. ಯಂತ್ರವು ವಿದ್ಯೆಯನ್ನು ಹಿಂದಿಕ್ಕಿ ಓಡಿತ್ತು.

2008ರ ಡಿಸೆಂಬರ್ 28ರಂದು ಬ್ರಿಟಿಷ್ ಕೊಲಂಬಿಯಾದ ಫರ್ನಿ ಪಟ್ಟಣದ ಬಳಿಯ ಹಾರ್ವೀ ಪಾಸಿನಲ್ಲಿ ನಡೆದುದು ಇದರ ದಾರುಣ ನಿದರ್ಶನ. ಸ್ಪಾರ್ವುಡ್ ಎಂಬ ಗಣಿಯೂರಿನ 11 ಮಂದಿ ಸವಾರರು ಅಲ್ಲಿಗೆ ಹೋಗಿದ್ದರು. ಮೊದಲ ಕುಸಿತದಲ್ಲಿ ಹೂತವರನ್ನು ಉಳಿದವರು ತೋಡಿ ತೆಗೆಯಲು ತೊಡಗಿದ್ದಾಗಲೇ ಎರಡನೆಯ ಕುಸಿತ ಬಂದಿತು. ಮರಳಿದವರು ಮೂವರು. ಹಿಮದಡಿ ಹೂತವನು ಮೊದಲ ಕಾಲು ಗಂಟೆಯೊಳಗೆ ಹೊರಬಂದರೆ ಬದುಕುವ ಆಸೆ ಬಹುವಾಗಿ ಉಂಟು, ಅರ್ಧ ಗಂಟೆ ದಾಟಿದರೆ ಅದು ಬಹುವಾಗಿ ಕುಗ್ಗುತ್ತದೆ ಎಂಬ ಲೆಕ್ಕವನ್ನು ಬಲ್ಲವರಿಗೆ, ತೋಡಲು ನಿಂತವರ ಆತುರವೂ ಅರ್ಥವಾಗುತ್ತದೆ, ಅವರಿಗಾದ ಗತಿಯೂ ಅರ್ಥವಾಗುತ್ತದೆ. ಆ ಚಳಿಗಾಲದ ಬಳಿಕ ಸವಾರರಿಗಾಗಿಯೇ ತರಗತಿಗಳು ಹೆಚ್ಚಿದವು; ಯಂತ್ರಗಳನ್ನು ಗಾಡಿಯಿಂದ ಇಳಿಸುವ ತಾಣಗಳಲ್ಲಿಯೇ ಎಚ್ಚರಿಕೆಯ ಫಲಕಗಳು ನಿಂತವು. 1993ರಲ್ಲಿ ಯೂರೋಪಿನ ದೇಶಗಳು ಒಪ್ಪಿಕೊಂಡಿದ್ದ ಐದು ಮೆಟ್ಟಿಲುಗಳ ಅಪಾಯಸೂಚಿಯು ಅಟ್ಲಾಂಟಿಕ್ ದಾಟಿ ಬಂದು, 2010ರಲ್ಲಿ ಅಮೆರಿಕ ಕೆನಡಾಗಳೆರಡಕ್ಕೂ ಒಂದೇ ರೂಪದಲ್ಲಿ ನೆಲೆಗೊಂಡಿತು. ಹಸುರು, ಹಳದಿ, ಕಿತ್ತಳೆ, ಕೆಂಪು, ಕಪ್ಪು ಎಂಬ ಅದರ ಬಣ್ಣಗಳಲ್ಲಿ ಹೆಚ್ಚು ಜನರನ್ನು ಮೋಸಗೊಳಿಸುವುದು ನಡುವಿನ ಕಿತ್ತಳೆಯೆಂದು ತಿಳಿದವರು ಹೇಳುತ್ತಾರೆ. ಕೆಂಪನ್ನು ಕಂಡವನು ಮನೆಯಲ್ಲಿ ಉಳಿಯುತ್ತಾನೆ, ಕಿತ್ತಳೆಯನ್ನು ಕಂಡವನು ಇನ್ನೂ ಎರಡು ಮೆಟ್ಟಿಲು ಬಾಕಿಯಿವೆಯಲ್ಲಾ ಎಂದುಕೊಂಡು ಹೊರಡುತ್ತಾನೆ.

ಚರ್ಚರ ಕೊಳವೆಯ ಕಥೆಯೂ ಈ ನಡುವೆ ಮುಂದುವರಿದಿತ್ತು. 1970ರ ದಶಕದ ಕೊನೆಯಿಂದ ಹಿಮಸಮೀಕ್ಷೆಯವರು ಬೆಟ್ಟಗಳಲ್ಲಿ ‘ಸ್ನೋಟೆಲ್’ ಎಂಬ ಸ್ವಯಂಚಾಲಿತ ಠಾಣ್ಯಗಳನ್ನು ಇರಿಸತೊಡಗಿದರು. ಹೆಪ್ಪುಗಟ್ಟದ ದ್ರವ ತುಂಬಿದ ಒಂದು ದೊಡ್ಡ ದಿಂಬು ನೆಲದ ಮೇಲೆ ಮಲಗಿರುತ್ತದೆ. ಮೇಲೆ ಬಿದ್ದ ಹಿಮದ ಭಾರ ಅದನ್ನು ಒತ್ತಿದಷ್ಟು ಅಂಕಿ ಏರುತ್ತದೆ. ಕಣಿವೆಗಳ ಆಳದಿಂದ ಆ ಅಂಕಿಯನ್ನು ಊರಿಗೆ ಕಳುಹಿಸಲು ಅವರು ಕಂಡುಕೊಂಡ ಉಪಾಯವು ಪುರಾಣದಂತಿದೆ: ದಿನವೂ ಆಕಾಶದಲ್ಲಿ ಉರಿದುಹೋಗುವ ಅಸಂಖ್ಯಾತ ಸಣ್ಣ ಉಲ್ಕೆಗಳು ಸುಮಾರು ನೂರು ಕಿಲೊಮೀಟರು ಎತ್ತರದಲ್ಲಿ ಎಳೆಯುವ ಕ್ಷಣಕಾಲದ ಗೆರೆಗಳಿಗೆ ರೇಡಿಯೋ ಅಲೆಯನ್ನು ಬಡಿದು ಹಿಂದಿರುಗಿಸುವುದು. ಇಂದು ಆ ಕೆಲಸವನ್ನು ಮೊಬೈಲು ಗೋಪುರಗಳೂ ಉಪಗ್ರಹಗಳೂ ವಹಿಸಿಕೊಂಡಿವೆ. ರೈತನ ನೀರಿಗಾಗಿ ಮಲಗಿಸಿದ ಈ ದಿಂಬುಗಳ ಅಂಕಿಗಳನ್ನೇ ಸವಾರನು ಬೆಳಗ್ಗೆ ಓದಿ, ರಾತ್ರಿ ಎಷ್ಟು ಹಿಮ ಬಿದ್ದಿತೆಂದು ಹಿಗ್ಗುವುದು. ಹಿಮಕುಸಿತದ ಅಪಾಯವನ್ನು ಅಳೆಯುವವರೂ ಮೊದಲು ನೋಡುವ ಅಂಕಿಗಳಲ್ಲಿ ಅವೂ ಸೇರಿವೆ. ತೂಬಿನ ಜಗಳಕ್ಕೆ ಹುಟ್ಟಿದ ಆ ತೂಕಗಳ ಕಡತಗಳನ್ನು 1950ರ ದಶಕದಿಂದ ಈಚೆಗೆ ಹೋಲಿಸಿ ನೋಡಿದರೆ, ಪಶ್ಚಿಮದ ಬಹುತೇಕ ಬೆಟ್ಟಗಳಲ್ಲಿ ಏಪ್ರಿಲ್ 1ರ ಹಿಮ ಕಡಿಮೆಯಾಗುತ್ತ ಬಂದಿರುವುದು ಕಾಣುತ್ತದೆ. ಹಿಂದಿನ ತೂಕವಿಲ್ಲದೆ ಇಂದಿನ ಕೊರತೆಯನ್ನು ಯಾರೂ ತೋರಿಸುವಂತಿರಲಿಲ್ಲ.

ಹದದ ಮಾತಿಗೆ ಮರಳೋಣ. ಹೊಲಕ್ಕಿಳಿದು ಹಿಡಿ ಮಣ್ಣನ್ನು ಅಮುಕಿದ ಒಕ್ಕಲಿಗನ ತೀರ್ಮಾನ ತಪ್ಪಿದರೆ ಅವನು ಒಂದು ಬಿತ್ತನೆಯನ್ನು ಕಳೆದುಕೊಳ್ಳುತ್ತಾನೆ. ಮುಂದಿನ ಮಳೆಗೆ ಕಲಿತುಕೊಳ್ಳುತ್ತಾನೆ. ಹಿಮದ ಓರೆಯಲ್ಲಿ ಹಾಗಲ್ಲ. ಅಲ್ಲಿಯ ಹದವನ್ನು ಅಲ್ಲಿಗೇ ಇಳಿದು ಕಲಿಯಹೊರಟವನು ಕಲಿತುದನ್ನು ಹೇಳಲು ಹಿಂದಿರುಗದೆ ಇರಬಹುದು. ಅದರಿಂದಲೇ ಅಲ್ಲಿ ಯಾರೂ ತನ್ನೊಬ್ಬನ ಅನುಭವದಿಂದ ಬದುಕುವಂತಿಲ್ಲ. ಕತ್ತಲೆ ಹರಿಯುವ ಮುನ್ನ ಒಬ್ಬ ವೀಕ್ಷಕನು ಸಾಧುವಾದ ಒಂದು ಸಣ್ಣ ಇಳಿಜಾರನ್ನು ಆರಿಸಿ, ದೊಡ್ಡ ಇಳಿಜಾರಿನ ದಿಕ್ಕಿಗೇ ಮುಖವಿರುವಂಥದನ್ನು ನೋಡಿ, ಗುಂಡಿ ತೋಡಿ, ಗೋಡೆಯನ್ನು ಹೆರೆದು, ತಳದ ಪದರದಿಂದ ಒಂದು ಹಿಡಿಯನ್ನು ತೆಗೆದು ಅಮುಕುತ್ತಾನೆ. ಅದು ಉದುರಿತೆಂದರೆ ಊರಿಗೆ ಸುದ್ದಿ ಕಳುಹಿಸುತ್ತಾನೆ. ಅವನು ನೋಡಿದುದು ಒಂದು ಗುಂಡಿಯನ್ನು. ಆ ಸುದ್ದಿಯ ಹಿಂದೆ ನಿಂತಿರುವುದು ಟಾಹೋದ ತೂಬು, ವೆಲಿಂಗ್ಟನ್ನಿನ ರೈಲು, ಹಾರ್ವೀ ಪಾಸಿನ ಸಲಿಕೆಗಳು. ಸವಾರನು ಕಾಫಿ ಮುಗಿಸಿ, ಆ ಎರಡು ಸಾಲನ್ನು ಓದಿ, ಈ ದಿನ ಜಾಡಿನಲ್ಲಿಯೇ ಹೋಗಿಬರೋಣವೆಂದು ಗೆಳೆಯರಿಗೆ ಹೇಳುತ್ತಾನೆ.